ಹಿಮದ ಹಾದಿಯಲ್ಲಿ ಆನೆಗಳ ಕೂಟ

ಮಧ್ಯ ಯುರೋಪಿನಲ್ಲಿ ಜನವರಿ ತಿಂಗಳ ಕೊನೆಯೆಂದರೆ ಚಳಿಗಾಲವು ತನ್ನ ಪೂರ್ಣ ಬಲವನ್ನು ತೋರುವ ಕಾಲ. ಹೊಲಗಳು ಹಿಮದ ಅಡಿಯಲ್ಲಿ ಮಲಗಿರುತ್ತವೆ. ಸಂಜೆ ಐದು ಗಂಟೆಯ ಹೊತ್ತಿಗೆ ಕತ್ತಲೆ ಕವಿಯುತ್ತದೆ. ಬೆಚ್ಚನೆಯ ಕೋಣೆಯನ್ನು ಬಿಟ್ಟು ಹೊರಡಲು ಯಾರಿಗಾದರೂ ಮನಸ್ಸು ಹಿಂಜರಿಯುತ್ತದೆ. ಹೊರಡಲೇಬೇಕಾದವರು ರೈಲನ್ನೋ ಕಾರನ್ನೋ ಹಿಡಿಯುತ್ತಾರೆ. ಮೋಟಾರು ಸೈಕಲ್ಲುಗಳನ್ನಂತೂ ಬಹುಪಾಲು ಜನರು ನವೆಂಬರಿನಲ್ಲಿಯೇ ಮನೆಯ ಪಕ್ಕದ ಕೊಠಡಿಗೆ ಸೇರಿಸಿ, ವಸಂತ ಬರುವವರೆಗೆ ಹೊದಿಕೆ ಹೊದಿಸಿಬಿಡುತ್ತಾರೆ. ಇಂಥ ದಿನಗಳಲ್ಲಿಯೇ ಇಟಲಿ, ಫ್ರಾನ್ಸ್, ಹಾಲೆಂಡ್, ಇಂಗ್ಲೆಂಡ್ ಮೊದಲಾದ ದೇಶಗಳಿಂದ ಸಾವಿರಾರು ಸವಾರರು ತಮ್ಮ ಮೋಟಾರು ಸೈಕಲ್ಲುಗಳನ್ನೇರಿ ಜರ್ಮನಿಯ ಬವೇರಿಯ ಪ್ರಾಂತದ ಒಂದು ಕಾಡುಹಳ್ಳಿಯ ಕಡೆಗೆ ಹೊರಡುತ್ತಾರೆ. ಅಲ್ಲಿ ಓಟದ ಪಂದ್ಯವಿಲ್ಲ, ನೋಡತಕ್ಕ ಪ್ರದರ್ಶನವೂ ಇಲ್ಲ. ಎರಡು ಮೂರು ದಿನ ಹಿಮದ ಮೇಲೆ ಗುಡಾರ ಹೂಡಿ, ಬೆಂಕಿಯ ಸುತ್ತ ಕುಳಿತು, ಮತ್ತೆ ಬಂದ ದಾರಿಯನ್ನೇ ಹಿಡಿಯುತ್ತಾರೆ. ಈ ಸಮಾವೇಶದ ಜರ್ಮನ್ ಹೆಸರು ಎಲೆಫಾಂಟೆನ್‌ಟ್ರೆಫೆನ್. ಎಂದರೆ ‘ಆನೆಗಳ ಕೂಟ’.

ಕಾಡಾನೆಯನ್ನೇ ಕಾಣದ ನಾಡಿನಲ್ಲಿ ಆನೆಗಳ ಹೆಸರು ಬಂದುದು ಒಂದು ವಾಹನದಿಂದ. ನ್ಯೂರೆಂಬರ್ಗ್ ನಗರದಲ್ಲಿ 1917ರಲ್ಲಿ ಸ್ಥಾಪಿತವಾದ ಜುಂಡಾಪ್ ಎಂಬ ಕಾರ್ಖಾನೆಯು 1950ರ ಸುಮಾರಿಗೆ ಕೆ. ಎಸ್. 601 ಎಂಬ ಭಾರೀ ಮೋಟಾರು ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಸುಮಾರು 600 ಘನ ಸೆಂಟಿಮೀಟರಿನ ಎಂಜಿನು. ಅದರ ಎರಡು ಸಿಲಿಂಡರುಗಳು ಆನೆಯ ಎರಡು ಕಿವಿಗಳಂತೆ ಎಡಕ್ಕೂ ಬಲಕ್ಕೂ ಚಾಚಿಕೊಂಡಿದ್ದವು. ಶಕ್ತಿ ಇಪ್ಪತ್ತೆಂಟು ಅಶ್ವಶಕ್ತಿ. ಇಂದಿನ ಲೆಕ್ಕದಲ್ಲಿ ಇದು ದೊಡ್ಡದಲ್ಲ. ಆದರೆ ಪಕ್ಕಕ್ಕೆ ಸೈಡ್‌ಕಾರನ್ನು ಕಟ್ಟಿ, ಅದರಲ್ಲಿ ಆಳನ್ನೂ ಹೊರೆಯನ್ನೂ ಕೂರಿಸಿದರೂ ಬೆಟ್ಟದ ದಾರಿಯನ್ನು ಸದ್ದಿಲ್ಲದೆ ಹತ್ತುವ ತಾಳ್ಮೆ ಅದಕ್ಕಿತ್ತು. ಹಸಿರು ಬಣ್ಣದ ಈ ವಾಹನಕ್ಕೆ ಜನರು ‘ಹಸಿರಾನೆ’ ಎಂದು ಹೆಸರಿಟ್ಟರು.

ಎರ್ನ್ಸ್ಟ್ ಲೆವರ್ಕುಸ್ ಎಂಬವರು ಆ ಕಾಲದ ಜರ್ಮನಿಯ ಹೆಸರಾಂತ ಮೋಟಾರು ಸೈಕಲ್ ಪತ್ರಕರ್ತರು. ‘ಕ್ಲಾಕ್ಸ್’ ಎಂಬ ಅಡ್ಡಹೆಸರಿನಿಂದ ಓದುಗರಿಗೆ ಪರಿಚಿತರಾಗಿದ್ದ ಅವರು 1956ರ ಚಳಿಗಾಲದಲ್ಲಿ ಹಸಿರಾನೆಯ ಒಡೆಯರನ್ನು ಸ್ಟುಟ್‌ಗಾರ್ಟ್ ನಗರದ ಸಮೀಪದ ಸೊಲಿಟ್ಯೂಡ್ ಓಟದ ಹಾದಿಯ ಬಳಿ ಕೂಡುವಂತೆ ಕರೆದರು. ಬಂದವರು ಕೆಲವೇ ಮಂದಿ. ಆ ಕರೆಗೆ ಚಳಿಗಾಲವನ್ನೇ ಏಕೆ ಆರಿಸಿದರೆಂಬುದನ್ನು ತಿಳಿಯಬೇಕಾದರೆ ಆಗಿನ ಜರ್ಮನಿಯ ಸ್ಥಿತಿಯನ್ನು ನೆನೆಯಬೇಕು. ಯುದ್ಧದಲ್ಲಿ ಸೋತು ಬಡವಾಗಿದ್ದ ಆ ದೇಶದಲ್ಲಿ ಮೋಟಾರು ಸೈಕಲ್ಲು ಶೋಕಿಯ ವಸ್ತುವಾಗಿರಲಿಲ್ಲ. ಕಾರು ಕೊಳ್ಳಲಾರದ ಕೆಲಸಗಾರನ ವಾಹನವಾಗಿತ್ತು. ಮಳೆಯಿರಲಿ ಹಿಮವಿರಲಿ, ಅದನ್ನೇರಿಯೇ ಅವನು ಕಾರ್ಖಾನೆಗೆ ಹೋಗಬೇಕಿತ್ತು. ಆದರೆ 1955ರ ಆಗಸ್ಟಿನಲ್ಲಿ ವೋಕ್ಸ್‌ವಾಗನ್ ಕಾರ್ಖಾನೆಯಿಂದ ಹತ್ತು ಲಕ್ಷದ ಪುಟ್ಟ ಕಾರು ಹೊರಬಂದಿತು. ಸಂಬಳ ಹೆಚ್ಚಿದಂತೆ ಜನರು ಗುಂಪುಗುಂಪಾಗಿ ತಲೆಯ ಮೇಲೆ ಸೂರಿರುವ ವಾಹನಕ್ಕೆ ಬದಲಾದರು. ಮೋಟಾರು ಸೈಕಲ್ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಹಸಿರಾನೆಯ ತಯಾರಿಕೆಯೂ ಆ ದಶಕ ಮುಗಿಯುವ ಮೊದಲೇ ನಿಂತಿತು. ಇಂಥ ಹೊತ್ತಿನಲ್ಲಿ ಹಿಮದ ನಡುವೆ ಸವಾರಿ ಮಾಡಿ ಬಂದು ಕೂಡುವುದೆಂದರೆ, ಕಾಲವು ಬೇಡವೆನ್ನುತ್ತಿದ್ದ ವಾಹನವನ್ನು ತಾವು ಕೈಬಿಡುವುದಿಲ್ಲವೆಂದು ಸಾರಿದಂತೆಯೇ ಆಗಿತ್ತು. ಬೇಸಿಗೆಯಲ್ಲಿ ಕೂಡಿದ್ದರೆ ಆ ಮಾತಿಗೆ ತೂಕವಿರುತ್ತಿರಲಿಲ್ಲ.

ಕೂಟವು ಬೆಳೆಯಿತು. ಹಸಿರಾನೆಯ ಒಡೆಯರಷ್ಟೇ ಅಲ್ಲದೆ ಯಾವ ಮೋಟಾರು ಸೈಕಲ್ಲಿನವರಾದರೂ ಬರಬಹುದೆಂದಾಯಿತು. 1961ರಿಂದ ಅದು ಐಫೆಲ್ ಬೆಟ್ಟಗಳಲ್ಲಿರುವ ನ್ಯೂರ್ಬುರ್ಗ್‌ರಿಂಗ್ ಎಂಬ ಪ್ರಸಿದ್ಧ ಓಟದ ಹಾದಿಯ ಬಳಿ ನಡೆಯಿತು. ಅಲ್ಲಿಂದ ಆಸ್ಟ್ರಿಯದ ಸಾಲ್ಜ್‌ಬರ್ಗ್ ಬಳಿಗೆ ಹೋಗಿ, 1989ರಲ್ಲಿ ಬವೇರಿಯದ ಕಾಡುಸೀಮೆಯ ಟುರ್ಮಾನ್ಸ್‌ಬಾಂಗ್ ಗ್ರಾಮಕ್ಕೆ ಸೇರಿದ ಸೊಲ್ಲಾ ಎಂಬಲ್ಲಿ ನೆಲೆಯೂರಿತು. ಜರ್ಮನಿಯ ಮೋಟಾರು ಸೈಕಲ್ ಸವಾರರ ಒಕ್ಕೂಟವು ಇದನ್ನು ನಡೆಸುತ್ತದೆ. ಸೊಲ್ಲಾಕ್ಕೆ ಬಂದ ವರ್ಷವು ಗಮನಾರ್ಹವಾದುದು. ಆ ಹಳ್ಳಿಯಿಂದ ಜೆಕೊಸ್ಲೊವಾಕಿಯದ ಗಡಿ ದೂರವಿರಲಿಲ್ಲ. ಆದರೆ ಆ ಗಡಿಯುದ್ದಕ್ಕೂ ಮುಳ್ಳುತಂತಿಯಿತ್ತು, ಕಾವಲು ಗೋಪುರಗಳಿದ್ದವು. ಅದೇ ವರ್ಷದ ಕೊನೆಯಲ್ಲಿ ತಂತಿಯನ್ನು ಕತ್ತರಿಸಲಾಯಿತು. ಕಾಡಿನ ಆಚೆಯ ಬದಿಯ ಸವಾರರಿಗೂ ಈ ಕಡೆಗೆ ದಾರಿ ತೆರೆಯಿತು. ಮೈಸೂರಿನ ಕಾರ್ಖಾನೆಯಲ್ಲಿ 1960ರ ದಶಕದಿಂದ ತಯಾರಾಗಿ ನಮ್ಮ ರಸ್ತೆಗಳಲ್ಲಿ ಮನೆಮಾತಾಗಿದ್ದ ಜಾವಾ ಮೋಟಾರು ಸೈಕಲ್ಲಿನ ತವರು ಆ ಗಡಿಯಾಚೆಯ ನಾಡೇ.

ಈ ಯಾತ್ರೆಯಲ್ಲಿ ಸವಾರನ ಮುಖ್ಯ ಎದುರಾಳಿ ದೂರವಲ್ಲ, ಚಳಿ. ಅದರಲ್ಲಿಯೂ ಗಾಳಿಯೊಡನೆ ಕೂಡಿದ ಚಳಿ. ಮನುಷ್ಯನ ಶರೀರವು ತನ್ನ ಸುತ್ತ ಬಿಸಿಗಾಳಿಯ ತೆಳುವಾದ ಪದರವೊಂದನ್ನು ಸದಾ ಹೊದ್ದಿರುತ್ತದೆ. ನಿಂತ ಗಾಳಿಯಲ್ಲಿ ಈ ಪದರ ಕದಲುವುದಿಲ್ಲ. ವೇಗವಾಗಿ ಸಾಗುವಾಗ ಗಾಳಿಯು ಅದನ್ನು ಕ್ಷಣಕ್ಷಣಕ್ಕೂ ಕಿತ್ತೊಯ್ಯುತ್ತದೆ. ಶರೀರವು ಹೊಸ ಪದರವನ್ನು ಕಾಯಿಸಲು ತನ್ನ ಶಾಖವನ್ನು ಮತ್ತೆ ಮತ್ತೆ ವ್ಯಯಿಸಬೇಕಾಗುತ್ತದೆ. ಹವೆಯ ಉಷ್ಣತೆ ಸೊನ್ನೆ ಡಿಗ್ರಿ ಸೆಂಟಿಗ್ರೇಡ್ ಇರುವಾಗ ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಸಾಗುವವನ ಬರಿಯ ಚರ್ಮಕ್ಕೆ ಅದು ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಂತೆ ತೋರುತ್ತದೆ. ಹವೆಯೇ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದರಂತೂ ಅದೇ ವೇಗದಲ್ಲಿ ಅನುಭವಕ್ಕೆ ಬರುವ ಚಳಿ ಸೊನ್ನೆಗಿಂತ 24 ಡಿಗ್ರಿ ಕೆಳಗಿನದು. ಮಂದವಾಗಿ ಸಾಗಿದರೆ ಚಳಿ ಕಡಮೆ, ಆದರೆ ಚಳಿಯಲ್ಲಿ ಕಳೆಯಬೇಕಾದ ಹೊತ್ತು ಹೆಚ್ಚು. ಸವಾರನು ದಿನವಿಡೀ ಈ ಎರಡರ ನಡುವೆ ಲೆಕ್ಕ ಹಾಕುತ್ತಲೇ ಇರಬೇಕು.

ಚಳಿಯ ಮೊದಲ ಪೆಟ್ಟು ಬೀಳುವುದು ಬೆರಳುಗಳಿಗೆ. ಶರೀರವು ಹೃದಯ, ಮಿದುಳುಗಳನ್ನು ಕಾಪಾಡುವ ಸಲುವಾಗಿ ಕೈಕಾಲುಗಳ ತುದಿಗೆ ಹರಿಯುವ ರಕ್ತವನ್ನು ಕಡಮೆ ಮಾಡುತ್ತದೆ. ಬೆರಳು ಮರಗಟ್ಟಿದವನಿಗೆ ಬ್ರೇಕಿನ ಹಿಡಿಯು ಕೈಗೆ ಸಿಕ್ಕಿದೆಯೋ ಇಲ್ಲವೋ ತಿಳಿಯದು. ಮುಂದೆ ನಡುಕ ಆರಂಭವಾಗುತ್ತದೆ. ಇದು ಸ್ನಾಯುಗಳು ಶಾಖವನ್ನು ಹುಟ್ಟಿಸುವ ಉಪಾಯ. ಒಳಮೈಯ ಉಷ್ಣತೆ 37 ಡಿಗ್ರಿಯಿಂದ 35 ಡಿಗ್ರಿಗಿಂತ ಕೆಳಗಿಳಿದರೆ ನಾಲಿಗೆ ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಇನ್ನೂ ಕೆಳಗಿಳಿದಾಗ ನಡುಕ ನಿಲ್ಲುತ್ತದೆ. ಇದನ್ನು ಸುಧಾರಣೆಯೆಂದು ಭಾವಿಸಿದವನ ಪ್ರಾಣಕ್ಕೆ ಸಂಚಕಾರ. ಅಂಥ ಹೊತ್ತಿನಲ್ಲಿ ತನಗೆ ಏನಾಗುತ್ತಿದೆಯೆಂದು ಅರಿಯುವ ಶಕ್ತಿಯೇ ಅವನಿಗೆ ಉಳಿದಿರುವುದಿಲ್ಲ. ಆದುದರಿಂದಲೇ ಅನುಭವಿಗಳು ಒಬ್ಬೊಬ್ಬರಾಗಿ ಹೊರಡದೆ ಜೊತೆಗೂಡಿ ಹೊರಡುತ್ತಾರೆ. ತಂಗಿದಲ್ಲೆಲ್ಲ ಒಬ್ಬರ ಮುಖವನ್ನು ಒಬ್ಬರು ನೋಡಿ, ಮಾತನಾಡಿಸಿ ಪರೀಕ್ಷಿಸುತ್ತಾರೆ.

ಒಂದೇ ದಪ್ಪ ಕಂಬಳಿಗಿಂತ ಹಲವು ತೆಳು ಬಟ್ಟೆಗಳು ಲೇಸೆಂಬುದು ಈ ಯಾತ್ರಿಕರ ಹಳೆಯ ಅರಿವು. ಬಟ್ಟೆಬಟ್ಟೆಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಶಾಖವನ್ನು ಹಿಡಿದಿಡುವುದು. ಒಳಗೆ ಉಣ್ಣೆ, ಹೊರಗೆ ಗಾಳಿಯನ್ನೂ ನೀರನ್ನೂ ತಡೆಯುವ ಹೊದಿಕೆ. ಹಿಂದಿನವರು ಎದೆಯ ಮೇಲೆ ಹಳೆಯ ವೃತ್ತಪತ್ರಿಕೆಗಳನ್ನು ಪದರ ಪದರವಾಗಿ ಹರಡಿ ಮೇಲೆ ಚರ್ಮದ ಅಂಗಿ ತೊಡುತ್ತಿದ್ದರು. ಈಗ ವಾಹನದ ವಿದ್ಯುತ್ತಿನಿಂದಲೇ ಬೆಚ್ಚಗಾಗುವ ಹಿಡಿಕೆಗಳೂ ಒಳಅಂಗಿಗಳೂ ದೊರೆಯುತ್ತವೆ. ತಂತಿಯೊಂದು ಕಳಚಿಕೊಂಡರೆ ಅವೆಲ್ಲವೂ ನಿರುಪಯೋಗಿ. ವೃತ್ತಪತ್ರಿಕೆಗೆ ಆ ಭಯವಿಲ್ಲ.

ಯಂತ್ರಕ್ಕೂ ಚಳಿಯುಂಟು. ಎಣ್ಣೆಯು ಗಟ್ಟಿಯಾಗಿ ಎಂಜಿನು ತಿರುಗಲು ಮೊಂಡುತನ ತೋರುತ್ತದೆ. ಅದೇ ಹೊತ್ತಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಅದರ ಬಲ ಕುಗ್ಗುತ್ತದೆ. ಹೀಗೆ ಹೆಚ್ಚು ಬಲ ಬೇಕಾದಾಗಲೇ ಕಡಮೆ ಬಲ ಸಿಗುತ್ತದೆ. ರಾತ್ರಿ ಬ್ಯಾಟರಿಯನ್ನು ಬಿಚ್ಚಿ ತಮ್ಮ ಹಾಸಿಗೆಯ ಚೀಲದೊಳಗೆ ಇಟ್ಟುಕೊಂಡು ಮಲಗುವವರೂ ಇದ್ದಾರೆ. ಹಳೆಯ ವಾಹನಗಳ ಕಾರ್ಬುರೇಟರಿನಲ್ಲಿ ಇನ್ನೊಂದು ವಿಚಿತ್ರವುಂಟು. ಪೆಟ್ರೋಲು ಆವಿಯಾಗುವಾಗ ಸುತ್ತಲ ಶಾಖವನ್ನು ಹೀರುತ್ತದೆ. ಇದರಿಂದ ಗಾಳಿಯಲ್ಲಿರುವ ತೇವವು ಕಾರ್ಬುರೇಟರಿನ ಕಂಠದಲ್ಲಿ ಮಂಜುಗಡ್ಡೆಯಾಗಿ ಕಟ್ಟಿ ಎಂಜಿನನ್ನು ನಿಲ್ಲಿಸಿಬಿಡುತ್ತದೆ. ಒಣ ಚಳಿಗಿಂತ ಸೊನ್ನೆಗೆ ಸ್ವಲ್ಪ ಮೇಲಿರುವ ಮಂಜು ಮುಸುಕಿದ ದಿನಗಳಲ್ಲಿಯೇ ಈ ತೊಂದರೆ ಹೆಚ್ಚು. ಸ್ವಲ್ಪ ಹೊತ್ತು ನಿಂತರೆ ಎಂಜಿನಿನ ಬಿಸಿಗೆ ಗಡ್ಡೆ ಕರಗಿ ಎಲ್ಲವೂ ಸರಿಹೋಗುತ್ತದೆ. ಕಾರಣ ತಿಳಿಯದವನು ಮಾತ್ರ ಅಷ್ಟರಲ್ಲಿ ಅರ್ಧ ಯಂತ್ರವನ್ನು ಬಿಚ್ಚಿ ರಸ್ತೆಯ ಬದಿಯಲ್ಲಿ ಹರಡಿರುತ್ತಾನೆ.

ಹಿಮದ ಮೇಲೆ ಎರಡು ಚಕ್ರದ ವಾಹನ ಜಾರಿದರೆ ಬೀಳುವುದು ಖಂಡಿತ. ಸೈಡ್‌ಕಾರಿನ ಮೂರನೆಯ ಚಕ್ರವು ಈ ಭಯವನ್ನು ಬಹುಮಟ್ಟಿಗೆ ನೀಗುತ್ತದೆ. ವಾಹನ ಜಾರುತ್ತದೆ, ಉರುಳುವುದಿಲ್ಲ. ಹಿಂಚಕ್ರಕ್ಕೆ ಸರಪಳಿಯನ್ನೂ ಸುತ್ತಬಹುದು. ಆದರೆ ಇದನ್ನು ನಡೆಸುವ ವಿದ್ಯೆಯೇ ಬೇರೆ. ಸೈಡ್‌ಕಾರು ಬಲಕ್ಕಿದ್ದರೆ, ವೇಗ ಹೆಚ್ಚಿಸಿದಾಗ ವಾಹನ ಬಲಕ್ಕೆ ಎಳೆಯುತ್ತದೆ, ಬ್ರೇಕು ಹಾಕಿದಾಗ ಎಡಕ್ಕೆ ಎಳೆಯುತ್ತದೆ. ಬಲಗಡೆಯ ತಿರುವಿನಲ್ಲಿ ಹುಷಾರಿಲ್ಲದಿದ್ದರೆ ಸೈಡ್‌ಕಾರಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ನಮ್ಮಂತೆ ರಸ್ತೆಯ ಎಡಗಡೆ ಸಾಗುವ ಇಂಗ್ಲೆಂಡಿನವರು ಸೈಡ್‌ಕಾರನ್ನು ಎಡಕ್ಕೆ ಕಟ್ಟುತ್ತಾರೆ. ಅವರು ಕಡಲು ದಾಟಿ ಬಲಗಡೆ ಸಾಗುವ ಫ್ರಾನ್ಸಿಗೆ ಬಂದಾಗ ಸೈಡ್‌ಕಾರು ರಸ್ತೆಯ ನಡುವಿಗೂ ಸವಾರನು ಅಂಚಿಗೂ ಬರುವುದರಿಂದ, ಮುಂದಿನ ಲಾರಿಯನ್ನು ಹಿಂದೆ ಹಾಕುವಾಗ ಸೈಡ್‌ಕಾರಿನಲ್ಲಿರುವ ಜೊತೆಗಾರನ ಕಣ್ಣನ್ನೇ ನಂಬಬೇಕಾಗುತ್ತದೆ.

ಫ್ರಾನ್ಸಿನ ಕಡಲತೀರದ ಕಲೇ ಬಂದರಿನಿಂದ ಬವೇರಿಯದ ಕಾಡಿಗೆ ಸುಮಾರು ಸಾವಿರ ಕಿಲೋಮೀಟರು. ಜನವರಿಯ ಹಗಲು ಒಂಬತ್ತು ಗಂಟೆಗಳಷ್ಟೇ ಆದುದರಿಂದ ಎರಡು ದಿನ ಬೇಕು. ಇಟಲಿಯವರಿಗೆ ಆಲ್ಪ್ಸ್ ಪರ್ವತಗಳು ಅಡ್ಡ. ಸ್ಟೆಲ್ವಿಯೊದಂಥ 2,700 ಮೀಟರಿಗೂ ಎತ್ತರದ ಕಣಿವೆದಾರಿಗಳು ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತವೆ. 1,370 ಮೀಟರು ಎತ್ತರದ ಬ್ರೆನ್ನರ್ ದಾರಿಯೇ ಅವರಿಗೆ ಗತಿ. ಅದನ್ನು ವರ್ಷವಿಡೀ ತೆರವುಗೊಳಿಸಿ ಇಡುತ್ತಾರೆ. ಹಿಂದೆ ಪ್ರತಿಯೊಂದು ಗಡಿಯಲ್ಲಿಯೂ ಮರಗಟ್ಟಿದ ಕೈಗಳಿಂದ ಕಾಗದಪತ್ರಗಳನ್ನು ತೆಗೆದು ತೋರಿಸಬೇಕಿತ್ತು. 1995ರಿಂದೀಚೆಗೆ ಬಹುಪಾಲು ಗಡಿಗಳಲ್ಲಿ ಆ ನಿಲುಗಡೆ ತಪ್ಪಿತು. ಅದರೊಡನೆ, ಬೆಚ್ಚಗಾಗಲು ಸಿಗುತ್ತಿದ್ದ ಒಂದು ನೆಪವೂ ಹೋಯಿತೆನ್ನಬಹುದು.

ಸೊಲ್ಲಾದಲ್ಲಿ ಕೂಟ ನೆರೆಯುವುದು ಗುಡ್ಡಗಳ ನಡುವಣ ಒಂದು ತಗ್ಗಿನಲ್ಲಿ. ನೂರಾರು ಬೆಂಕಿಗಳ ಹೊಗೆ ಅಲ್ಲಿ ಮಡುಗಟ್ಟುವುದರಿಂದ ಅದನ್ನು ‘ಮಾಟಗಾತಿಯರ ಕೊಪ್ಪರಿಗೆ’ ಎಂದು ಕರೆಯುವುದುಂಟು. ಬಂದವರು ಮೊದಲು ಕೊಳ್ಳುವುದು ಸೌದೆ ಮತ್ತು ಒಣಹುಲ್ಲು. ಹಿಮದ ಮೇಲೆ ಹುಲ್ಲನ್ನು ದಪ್ಪವಾಗಿ ಹರಡಿ, ಅದರ ಮೇಲೆ ಗುಡಾರ ಹೂಡುತ್ತಾರೆ. ಟೊಳ್ಳಾದ ಹುಲ್ಲುಕಡ್ಡಿಗಳೊಳಗಿನ ಗಾಳಿಯು ನೆಲದ ತಂಪು ಮೈಗೆ ತಾಗದಂತೆ ತಡೆಯುತ್ತದೆ. ಗುಡಾರದ ಒಳಗೆ ಒಲೆಯನ್ನು ಉರಿಸಿ ಮಲಗಬಾರದೆಂಬುದನ್ನು ಹಳಬರು ಹೊಸಬರಿಗೆ ಮೊದಲ ದಿನವೇ ಹೇಳುತ್ತಾರೆ. ಮುಚ್ಚಿದ ಜಾಗದಲ್ಲಿ ಉರಿಯುವ ಬೆಂಕಿಯಿಂದ ಹುಟ್ಟುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾಷೆ ತಿಳಿಯದವರು ಕೈಸನ್ನೆಯಿಂದಲೇ ಸಾರು ಹಂಚಿಕೊಳ್ಳುತ್ತಾರೆ. ಒಬ್ಬನ ವಾಹನ ಹೊರಡದಿದ್ದರೆ ನಾಲ್ವರು ಬಂದು ತಳ್ಳುತ್ತಾರೆ.

ಶನಿವಾರ ರಾತ್ರಿ ಸವಾರರು ಪಂಜುಗಳನ್ನು ಹಿಡಿದು ಮೆರವಣಿಗೆ ಹೊರಟು, ರಸ್ತೆಯಲ್ಲಿ ಪ್ರಾಣ ಕಳೆದುಕೊಂಡ ಜೊತೆಗಾರರನ್ನು ಸ್ಮರಿಸುತ್ತಾರೆ. ನ್ಯೂರ್ಬುರ್ಗ್‌ರಿಂಗಿನ ದಿನಗಳಿಂದಲೂ ಬಂದ ಪದ್ಧತಿಯಿದು. ಹಗಲಿನ ಗದ್ದಲ ಆಗ ಇರುವುದಿಲ್ಲ. ಹಿಂದಿನ ವರ್ಷ ಇದೇ ಬೆಂಕಿಯ ಬಳಿ ಕುಳಿತಿದ್ದವನ ಹೆಸರನ್ನು ನೆನೆಯುವವರು ಆ ಸಾಲಿನಲ್ಲಿ ಇರುತ್ತಾರೆ.

ಭಾನುವಾರ ಬೆಳಗಾಗುತ್ತಲೇ ಗುಡಾರಗಳು ಮಡಚಿಕೊಳ್ಳುತ್ತವೆ. ಹಿಮದ ಮೇಲೆ ತುಳಿದ ಹುಲ್ಲೂ ಬೂದಿಯೂ ಉಳಿಯುತ್ತವೆ. ಮರಳುವ ದಾರಿಯಲ್ಲಿ ಹಿಮ ಕರಗಿಸಲು ಚೆಲ್ಲಿದ ಉಪ್ಪು ವಾಹನದ ಸಂದುಸಂದುಗಳಲ್ಲಿ ಅಂಟಿಕೊಳ್ಳುತ್ತದೆ. ಕಬ್ಬಿಣವನ್ನು ಅದು ಕೆಲವೇ ದಿನಗಳಲ್ಲಿ ತಿನ್ನತೊಡಗುತ್ತದೆ. ಆದ್ದರಿಂದ ಮನೆ ತಲುಪಿದ ಸವಾರನು, ಎಷ್ಟೇ ದಣಿದಿರಲಿ, ತಾನು ಮೀಯುವ ಮೊದಲು ಒಂದೆರಡು ಕೊಡ ನೀರು ತಂದು ವಾಹನವನ್ನು ತೊಳೆಯುತ್ತಾನೆ.