ಅರ್ಧ ಸೆಕೆಂಡಿನ ಸಂಶಯ

ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶ ಇಲ್ಲದ ಲಿನಕ್ಸ್ ಸರ್ವರ್ ಹುಡುಕಿದರೂ ಸಿಗುವುದು ಕಷ್ಟ. ಆದರೂ ಅದರ ಹೆಸರು ಕೇಳಿದವರು ಕಡಿಮೆ. ದೊಡ್ಡ ಫೈಲನ್ನು ಹಿಂಡಿ ಸಣ್ಣದು ಮಾಡುವುದು, ಬೇಕೆಂದಾಗ ಒಂದಕ್ಷರವೂ ಹೆಚ್ಚುಕಮ್ಮಿಯಾಗದಂತೆ ಬಿಚ್ಚಿಕೊಡುವುದು, ಇಷ್ಟೇ ಅದರ ಕಸುಬು. ಲಿನಕ್ಸ್ ಕರ್ನಲಿನ ಸೋರ್ಸ್ ಕೋಡ್ ಬಹುಮಟ್ಟಿಗೆ ಜನರ ಕೈಸೇರುವುದು ಎಕ್ಸ್‌ಝಡ್ ಹಿಂಡಿದ ರೂಪದಲ್ಲೇ. 2024ರ ಮಾರ್ಚ್ 29ರಂದು ಈ ಸಾಧು ಯಂತ್ರದ ಹೊಟ್ಟೆಯೊಳಗೆ ಒಂದು ಹಿಂಬಾಗಿಲು ಇರುವುದು ಬಯಲಾಯಿತು. ಅದರ ಅಪಾಯದ ಅಂಕ ಹತ್ತಕ್ಕೆ ಹತ್ತು.

ಹಿಂಡುವ ಕೆಲಸ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಕಳ್ಳ ಅಡಗಿದ ಜಾಗವೂ ಅರ್ಥವಾಗುತ್ತದೆ. ರಷ್ಯಾದ ಇಗೋರ್ ಪಾವ್ಲೋವ್ ತಮ್ಮ ಸೆವೆನ್-ಝಿಪ್‌ಗಾಗಿ ರೂಪಿಸಿದ ಎಲ್‌ಝಡ್ಎಂಎ ಎಂಬ ವಿಧಾನ ಇದರ ಬುನಾದಿ. ಫೈಲನ್ನು ಓದುತ್ತಾ ಹೋಗುವ ಯಂತ್ರಕ್ಕೆ ಹಿಂದೊಮ್ಮೆ ಬಂದುಹೋದ ತುಣುಕು ಮತ್ತೆ ಎದುರಾದರೆ, ಅದನ್ನು ಪುನಃ ಬರೆಯುವುದಿಲ್ಲ. ‘ನಾನೂರು ಅಕ್ಷರ ಹಿಂದಕ್ಕೆ ಹೋಗು, ಅಲ್ಲಿಂದ ಹನ್ನೆರಡು ಎತ್ತಿಕೋ’ ಎಂದು ಸೂಚನೆಯನ್ನಷ್ಟೇ ಬರೆದಿಡುತ್ತದೆ. ಎರಡನೇ ಹಂತದಲ್ಲಿ, ಪದೇ ಪದೇ ಬರುವ ಸೂಚನೆಗಳಿಗೆ ಕಡಿಮೆ ಬಿಟ್, ಅಪರೂಪದವಕ್ಕೆ ಹೆಚ್ಚು ಬಿಟ್ ಹಂಚುತ್ತದೆ. ಹೀಗೆ ಪುನರಾವರ್ತನೆಯೆಲ್ಲ ಸೋಸಿಹೋದ ಮೇಲೆ ಉಳಿಯುವುದು ತಲೆಬುಡವಿಲ್ಲದ ಬೈಟುಗಳ ರಾಶಿ. ಅದನ್ನು ಯಾರೂ ಕಣ್ಣಿನಿಂದ ಓದಿ ‘ಇದು ಸರಿ, ಇದು ತಪ್ಪು’ ಎನ್ನಲಾರರು.

ಇಂಥ ತಂತ್ರಾಂಶವನ್ನು ಪರೀಕ್ಷಿಸಲು ಮಾದರಿ ಫೈಲುಗಳು ಬೇಕು. ಸರಿಯಾಗಿ ಹಿಂಡಿದವು ಒಂದಿಷ್ಟು, ಬೇಕೆಂದೇ ಕೆಡಿಸಿದವು ಒಂದಿಷ್ಟು. ಕೆಟ್ಟ ಫೈಲು ಬಂದಾಗ ಕುಸಿದುಬೀಳದೆ ‘ಇದು ಕೆಟ್ಟಿದೆ’ ಎಂದು ಹೇಳುತ್ತದೆಯೇ ಎಂದು ನೋಡಬೇಕಲ್ಲ. 2024ರ ಫೆಬ್ರುವರಿಯಲ್ಲಿ ಈ ಪರೀಕ್ಷಾ ಕಡತಗಳ ಸಾಲಿಗೆ ಹೊಸದಾಗಿ ಕೆಲವು ಸೇರಿಕೊಂಡವು. ಒಂದರ ಹೆಸರಿನಲ್ಲೇ ‘ಬ್ಯಾಡ್’, ‘ಕರಪ್ಟ್’ ಎಂದಿತ್ತು. ಕಸದ ಬುಟ್ಟಿಯಲ್ಲಿ ಕಸ ಕಂಡರೆ ಯಾರಿಗೆ ತಾನೇ ಅನುಮಾನ?

ಸೇರಿಸಿದವನ ಹೆಸರು ಜಿಯಾ ಟಾನ್. ಹೆಸರು ಎನ್ನುವುದಕ್ಕಿಂತ ಖಾತೆ ಎನ್ನುವುದೇ ಸರಿ, ಏಕೆಂದರೆ ಅದರ ಹಿಂದೆ ಇದ್ದವರು ಒಬ್ಬರೋ ಹತ್ತು ಜನರೋ ಇಂದಿಗೂ ಬಯಲಾಗಿಲ್ಲ. 2021ರಲ್ಲಿ ಗಿಟ್‌ಹಬ್‌ನಲ್ಲಿ ಹುಟ್ಟಿದ ಈ ಖಾತೆ ಅದೇ ವರ್ಷದ ಕೊನೆಗೆ ಎಕ್ಸ್‌ಝಡ್‌ಗೆ ಸಣ್ಣಪುಟ್ಟ ತಿದ್ದುಪಡಿ ಕಳಿಸತೊಡಗಿತು. ಎಕ್ಸ್‌ಝಡ್ ಅನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಫಿನ್ಲೆಂಡಿನ ಲಾಸೆ ಕೊಲಿನ್, ಬಹುಮಟ್ಟಿಗೆ ಒಬ್ಬರೇ, ಸಂಬಳವಿಲ್ಲದೆ. 2022ರಲ್ಲಿ ಹಿಂದೆಮುಂದೆ ಗೊತ್ತಿಲ್ಲದ ಒಂದೆರಡು ಹೆಸರುಗಳು ಅವರ ಬೆನ್ನುಬಿದ್ದವು. ಕೆಲಸ ಯಾಕಿಷ್ಟು ನಿಧಾನ, ಆಗದಿದ್ದರೆ ಇನ್ನೊಬ್ಬರಿಗೆ ಬಿಟ್ಟುಕೊಡಿ ಎಂದು ಒಂದೇ ರಾಗ. ಕೊಲಿನ್ ಮುಚ್ಚುಮರೆಯಿಲ್ಲದೆ ಉತ್ತರಿಸಿದರು: ಬಹುಕಾಲದಿಂದ ಮಾನಸಿಕ ಆರೋಗ್ಯದ ತೊಂದರೆಯಿದೆ, ಇದು ಹವ್ಯಾಸಕ್ಕೆ ಮಾಡುವ ಬಿಟ್ಟಿ ಕೆಲಸ, ಜಿಯಾ ಟಾನ್‌ಗೆ ಮುಂದೆ ಹೆಚ್ಚಿನ ಹೊಣೆ ಸಿಗಬಹುದು. ದಣಿದ ಮನುಷ್ಯನೊಬ್ಬ ಇಷ್ಟು ಪ್ರಾಮಾಣಿಕವಾಗಿ ಬರೆದದ್ದು ಕಾಯುತ್ತಿದ್ದವರಿಗೆ ಆಹ್ವಾನಪತ್ರವಾಯಿತು. 2023ರ ಹೊತ್ತಿಗೆ ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರವೂ ಜಿಯಾ ಟಾನ್ ಕೈಗೆ ಬಂದಿತ್ತು.

ಮುಕ್ತ ತಂತ್ರಾಂಶದ ಸೋರ್ಸ್ ಕೋಡ್ ಯಾರು ಬೇಕಾದರೂ ನೋಡಬಹುದು, ಹಾಗಾಗಿ ಕಳ್ಳತನ ಅಡಗದು ಎಂಬ ನಂಬಿಕೆಯಿದೆ. ಸುಳ್ಳಲ್ಲ, ಆದರೆ ಎಲ್ಲರೂ ನೋಡುವುದು ಕೋಡಿನ ಬದಲಾವಣೆಗಳೆಲ್ಲ ದಾಖಲಾಗುವ ಗಿಟ್ ಭಂಡಾರವನ್ನು. ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಕರು ತಂತ್ರಾಂಶ ಕಟ್ಟುವುದು ಹೆಚ್ಚಾಗಿ ಬಿಡುಗಡೆಯ ಕಟ್ಟಿನಿಂದ, ಅಂದರೆ ಟಾರ್‌ಬಾಲ್‌ನಿಂದ. ಎರಡೂ ಒಂದೇ ಆಗಿರಬೇಕೆಂಬ ಕಡ್ಡಾಯವೇನಿಲ್ಲ. ಯಂತ್ರವೇ ತಯಾರಿಸುವ ಕೆಲವು ಉದ್ದುದ್ದ ಸ್ಕ್ರಿಪ್ಟುಗಳು ಟಾರ್‌ಬಾಲ್‌ನಲ್ಲಿ ಮಾತ್ರ ಇರುವುದು ವಾಡಿಕೆ, ಅವನ್ನು ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ. 2024ರ ಫೆಬ್ರುವರಿ 24ರಂದು ಬಂದ 5.6.0 ಆವೃತ್ತಿಯ ಟಾರ್‌ಬಾಲ್‌ನಲ್ಲಿ ಗಿಟ್‌ನಲ್ಲಿಲ್ಲದ ಒಂದು ತುಣುಕು ಇತ್ತು. ತಂತ್ರಾಂಶ ಕಟ್ಟುವ ಹೊತ್ತಿಗೆ ಅದು ಆ ‘ಕೆಟ್ಟ’ ಫೈಲನ್ನು ತೆಗೆದು, ಬೈಟುಗಳನ್ನು ಅದಲುಬದಲು ಮಾಡಿ, ಬಿಚ್ಚಿ, ಒಳಗಿದ್ದ ಸ್ಕ್ರಿಪ್ಟನ್ನು ಓಡಿಸುತ್ತಿತ್ತು. ಆ ಸ್ಕ್ರಿಪ್ಟು ಇನ್ನೊಂದು ಪರೀಕ್ಷಾ ಫೈಲಿನಿಂದ ಹಿಂಬಾಗಿಲನ್ನು ಹೊರತೆಗೆದು ಎಕ್ಸ್‌ಝಡ್‌ನ ಲೈಬ್ರರಿಗೆ ಹೊಲಿದುಬಿಡುತ್ತಿತ್ತು. ತನ್ನೊಳಗಿನ ಕಳ್ಳನನ್ನು ಬಿಚ್ಚಲು ಎಕ್ಸ್‌ಝಡ್ಡೇ ಬಳಕೆಯಾದದ್ದು ಈ ಕಥೆಯ ಕುಚೋದ್ಯ.

ಆದರೆ ಗುರಿ ಎಕ್ಸ್‌ಝಡ್ ಅಲ್ಲ, ಎಸ್ಎಸ್ಎಚ್. ದೂರದ ಸರ್ವರಿಗೆ ಲಾಗಿನ್ ಆಗಲು ಜಗತ್ತಿನ ಸಿಸ್ಟಂ ಅಡ್ಮಿನ್‌ಗಳೆಲ್ಲ ಬಳಸುವ ಹೆಬ್ಬಾಗಿಲು ಅದು. ಮೂಲ ಓಪನ್‌ಎಸ್ಎಸ್ಎಚ್‌ಗೂ ಎಕ್ಸ್‌ಝಡ್‌ಗೂ ಯಾವ ನಂಟೂ ಇಲ್ಲ. ಡೆಬಿಯನ್, ಫೆಡೋರಾದವರು ತಮ್ಮ ಅನುಕೂಲಕ್ಕೆ ಅದನ್ನು ಲಿನಕ್ಸಿನ ಸೇವೆಗಳನ್ನು ನಿಭಾಯಿಸುವ ಸಿಸ್ಟಂ-ಡಿ ಜತೆ ಜೋಡಿಸಿದ್ದರು, ಸಿಸ್ಟಂ-ಡಿ ಲೈಬ್ರರಿ ಎಕ್ಸ್‌ಝಡ್ ಲೈಬ್ರರಿಯನ್ನು ಎಳೆದುಕೊಂಡು ಬರುತ್ತಿತ್ತು. ನೆಂಟರ ನೆಂಟನಾಗಿ ಒಳಬಂದ ಹಿಂಬಾಗಿಲು, ಕೀಲಿ ಪರೀಕ್ಷಿಸುವ ಒಂದು ಫಂಕ್ಷನ್ನಿನ ಜಾಗದಲ್ಲಿ ತಾನೇ ಕೂತುಬಿಡುತ್ತಿತ್ತು. ಲಾಗಿನ್ ಆಗಲು ಬಂದವರು ಕೊಟ್ಟ ಕೀಲಿಯೊಳಗೆ ದಾಳಿಕೋರರ ಗುಟ್ಟಿನ ಸಹಿ ಇದ್ದರೆ, ಅದರ ಜತೆ ಬಂದ ಆಜ್ಞೆಯನ್ನು ಪಾಸ್‌ವರ್ಡ್ ಕೇಳದೆ ನಡೆಸಿಕೊಡುತ್ತಿತ್ತು. ಸಹಿ ಇಲ್ಲದಿದ್ದರೆ ಏನೂ ಅರಿಯದಂತೆ ಮಾಮೂಲಿ ಕೆಲಸ. ಸಹಿ ಹಾಕುವ ಕೀಲಿ ಹಿಂಬಾಗಿಲು ಕಟ್ಟಿದವರ ಬಳಿ ಮಾತ್ರ ಇದ್ದುದರಿಂದ ಬೇರೆ ಕಳ್ಳರಿಗೂ ಅಲ್ಲಿ ಪ್ರವೇಶವಿರಲಿಲ್ಲ.

ಇದನ್ನು ಹಿಡಿದವರು ಭದ್ರತಾ ತಜ್ಞರಲ್ಲ. ಮೈಕ್ರೋಸಾಫ್ಟ್‌ನಲ್ಲಿದ್ದುಕೊಂಡು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಕೆಲಸ ಮಾಡುತ್ತಿದ್ದ ಆಂಡ್ರೆಸ್ ಫ್ರಾಯಿಂಡ್. ಡೇಟಾಬೇಸಿನ ವೇಗ ಅಳೆಯಲು ತಮ್ಮ ಡೆಬಿಯನ್ ಯಂತ್ರವನ್ನು ಸದ್ದಡಗಿಸಿ ಇಟ್ಟಿದ್ದರು, ಆದರೆ ಎಸ್ಎಸ್ಎಚ್ ಸುಮ್ಮನಿರಲಿಲ್ಲ. ಅಂತರ್ಜಾಲದಲ್ಲಿ ಅಲೆಯುವ ಬಾಟುಗಳು ತಪ್ಪು ಹೆಸರು ಹಿಡಿದು ಬಾಗಿಲು ತಟ್ಟುವುದು ದಿನನಿತ್ಯದ ಮಾತು, ಅವು ಬಂದಷ್ಟೇ ಬೇಗ ವಾಪಸಾಗಬೇಕು. ಇಲ್ಲಿ ಒಂದೊಂದು ವಿಫಲ ಯತ್ನವೂ ಸಿಪಿಯುವನ್ನು ತಿನ್ನುತ್ತಿತ್ತು. ಅಳೆದು ನೋಡಿದರೆ 0.3 ಸೆಕೆಂಡಿನ ಕೆಲಸಕ್ಕೆ 0.8 ಸೆಕೆಂಡು. ಸಮಯವೆಲ್ಲ ಹೋಗುತ್ತಿದ್ದದ್ದು ಎಕ್ಸ್‌ಝಡ್ ಲೈಬ್ರರಿಯಲ್ಲಿ, ಅದೂ ಹೆಸರಿಲ್ಲದ ಯಾವುದೋ ಫಂಕ್ಷನ್ನಿನಲ್ಲಿ. ಕೆಲವು ವಾರಗಳ ಹಿಂದೆ ವ್ಯಾಲ್‌ಗ್ರೈಂಡ್ ಎಂಬ ಮೆಮೊರಿ ತಪಾಸಣೆಯ ಸಾಧನ ವಿಚಿತ್ರ ದೂರು ಹೇಳಿದ್ದೂ ಅವರಿಗೆ ನೆನಪಾಯಿತು. ಆ ದೂರನ್ನು ಜಿಯಾ ಟಾನ್ ಖಾತೆ ಕಂಪೈಲರಿನ ತಲೆಗೆ ಕಟ್ಟಿ, ಮಾರ್ಚ್ 9ರಂದು 5.6.1 ಆವೃತ್ತಿಯಲ್ಲಿ ತೇಪೆ ಹಾಕಿತ್ತು.

ಲಾಗಿನ್ ಯತ್ನಕ್ಕೆ ಅರ್ಧ ಸೆಕೆಂಡು ತಡವಾಗಲು ಕಾರಣ ಹಿಂಬಾಗಿಲಿನ ಅತಿ ಜಾಣತನವೇ. ಯಾರಾದರೂ ಹುಡುಕಿದರೆ ಸಿಗಬಾರದೆಂದು ಅದು ತನಗೆ ಬೇಕಾದ ಫಂಕ್ಷನ್ನುಗಳ ಹೆಸರನ್ನು ನೇರವಾಗಿ ಬರೆದಿಟ್ಟುಕೊಂಡಿರಲಿಲ್ಲ. ಪ್ರತಿ ಸಂಪರ್ಕಕ್ಕೂ ಹೊಸದಾಗಿ ಏಳುವ ಎಸ್ಎಸ್ಎಚ್ ಜತೆ ತಾನೂ ಎದ್ದು, ಮೆಮೊರಿಯಲ್ಲಿದ್ದ ಹೆಸರುಪಟ್ಟಿಗಳನ್ನೆಲ್ಲ ಒಂದೊಂದಾಗಿ ಜಾಲಾಡುತ್ತಿತ್ತು.

ಫ್ರಾಯಿಂಡ್ ಮೊದಲು ಡೆಬಿಯನ್ ಪ್ಯಾಕೇಜೇ ಕೆಟ್ಟಿದೆ ಎಂದುಕೊಂಡರು, ಬಗೆದಷ್ಟೂ ಬುಡ ಮೂಲ ಯೋಜನೆಯಲ್ಲೇ ಸಿಕ್ಕಿತು. ವಿತರಕರಿಗೆ ಮೊದಲು ಗುಟ್ಟಾಗಿ ತಿಳಿಸಿ, ಆಮೇಲೆ ಜಗತ್ತಿಗೆ ಸಾರಿದರು. ಆ ಹೊತ್ತಿಗೆ ವಿಷ ತಲುಪಿದ್ದದ್ದು ಡೆಬಿಯನ್ನಿನ ಪರೀಕ್ಷಾ ಆವೃತ್ತಿಗಳು, ಫೆಡೋರಾ ರಾಹೈಡ್, ಓಪನ್‌ಸೂಸೆ ಟಂಬಲ್‌ವೀಡ್‌ನಂಥ ಕಡೆ. ಬ್ಯಾಂಕು, ಕಂಪನಿಗಳ ಸರ್ವರುಗಳಲ್ಲಿ ಸಾಮಾನ್ಯವಾಗಿ ಓಡುವ ಸ್ಥಿರ ಆವೃತ್ತಿಗಳಿಗೆ ಇನ್ನೂ ಇಳಿದಿರಲಿಲ್ಲ. ಇಳಿಸಲು ಪ್ರಯತ್ನ ಕಮ್ಮಿಯೇನೂ ಇರಲಿಲ್ಲ. ಹೊಸ ಆವೃತ್ತಿಯನ್ನು ಬೇಗ ಸೇರಿಸಿಕೊಳ್ಳಿ ಎಂದು ಜಿಯಾ ಟಾನ್ ಖಾತೆ ಫೆಡೋರಾದವರ ಬೆನ್ನು ಹತ್ತಿತ್ತು.

ಖಾತೆಯ ಮರೆಯಲ್ಲಿದ್ದವರು ಬಿಟ್ಟುಹೋದ ಸುಳಿವು ಅತ್ಯಲ್ಪ. ಬಹುಪಾಲು ಕೆಲಸದ ಗಡಿಯಾರ ಚೀನಾದ ಸಮಯ ತೋರಿಸಿದರೆ ಕೆಲವು ಮಾತ್ರ ಪೂರ್ವ ಯುರೋಪಿನ ಸಮಯ ತೋರಿಸುತ್ತವೆ. ಗಡಿಯಾರವನ್ನು ಬೇಕಾದಂತೆ ತಿರುಗಿಸಿಕೊಳ್ಳಬಹುದಾದ್ದರಿಂದ ಅದರ ಮೇಲೆ ದೇಶದ ಹೆಸರು ಹೇಳುವುದು ಕಣಿ ಹೇಳಿದಂತೆ.

ಗಿಟ್‌ಹಬ್ ಜಿಯಾ ಟಾನ್ ಖಾತೆಯ ಜತೆ ಕೊಲಿನ್ ಖಾತೆಯನ್ನೂ ಕೆಲಕಾಲ ಅಮಾನತಿನಲ್ಲಿಟ್ಟಿತು. ಕೊಲಿನ್ ಮಾತ್ರ ಮರುದಿನವೇ ಶುದ್ಧೀಕರಣಕ್ಕೆ ಕೂತರು. ಅಪಾಯಕಾರಿ ಫೈಲು ಬಂದರೂ ಎಕ್ಸ್‌ಝಡ್ ಹೊರಗೆ ಕೈಚಾಚದಂತೆ ಕಟ್ಟಿಹಾಕುವ ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಇತ್ತು. ಅದು ಲಭ್ಯವಿದೆಯೇ ಎಂದು ನೋಡುವ ಪರೀಕ್ಷಾ ಕೋಡಿನ ಒಂದು ಸಾಲಿನಲ್ಲಿ ಒಂದೇ ಒಂದು ಚುಕ್ಕೆ ಬಿದ್ದಿತ್ತು. ಆ ಚುಕ್ಕೆಯಿಂದ ಪರೀಕ್ಷೆ ಯಾವಾಗಲೂ ಫೇಲಾಗಿ, ರಕ್ಷಣೆ ಇಲ್ಲವೆಂದೇ ಉತ್ತರ ಬರುತ್ತಿತ್ತು. ಧೂಳಿನ ಕಣದಷ್ಟಿದ್ದ ಅದನ್ನು ಅಳಿಸಿ, ಜಿಯಾ ಟಾನ್ ಖಾತೆಯಿಂದ ಬಂದದ್ದನ್ನೆಲ್ಲ ಮತ್ತೆ ಜಾಲಿಸಿ, ಮೇ 29ರಂದು ಅವರು 5.6.2 ಆವೃತ್ತಿ ಬಿಡುಗಡೆ ಮಾಡಿದರು.