ಮೊದಲ ಪುಸ್ತಕದ ತಕರಾರು

ಹೊಸದಾಗಿ ಬರೆಯಲು ಕೂತವರಿಗೆ ಕಥಾ ಕಮ್ಮಟಗಳಲ್ಲಿ ಸಿಗುವ ಸಲಹೆಗಳು ಹೆಚ್ಚುಕಡಿಮೆ ಒಂದೇ ಥರ: ತುಂಬ ಓದಿ, ದಿನವೂ ಬರೆಯಿರಿ, ನಿಮ್ಮದೇ ಶೈಲಿ ಕಂಡುಕೊಳ್ಳಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕನ್ನಡದಲ್ಲಿ ನೆಲೆ ನಿಂತ ಚೊಚ್ಚಲ ಕೃತಿಗಳನ್ನು ನೋಡಿದರೆ ಕ್ರಮ ತಿರುವುಮುರುವಾಗಿ ಕಾಣುತ್ತದೆ. ಅವುಗಳನ್ನು ಬರೆದವರು ಶೈಲಿ ಹುಡುಕುತ್ತಾ ಹೊರಟವರಲ್ಲ. ತಮ್ಮ ಸುತ್ತಲಿನ ಯಾವುದೋ ಒಂದು ಸಂಗತಿಯ ಬಗ್ಗೆ ಅವರಿಗೆ ತೀರದ ತಕರಾರಿತ್ತು, ಅದನ್ನು ಬೇರೆ ಯಾರೂ ಬರೆದಿರಲಿಲ್ಲ. ಹೇಗೆ ಬರೆಯಬೇಕೆಂಬುದನ್ನು ಆ ತಕರಾರೇ ನಿರ್ಧರಿಸಿತು.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಇದಕ್ಕೆ ನಿಚ್ಚಳ ಸಾಕ್ಷಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದ ಸಾರಾ, ತಮ್ಮ ಸಮುದಾಯದಲ್ಲಿ ಹೆಣ್ಣುಮಕ್ಕಳ ಓದು ಅಪರೂಪವಾಗಿದ್ದ ಕಾಲದವರು. ಮದುವೆ, ನಾಲ್ವರು ಗಂಡುಮಕ್ಕಳು, ಮಂಗಳೂರಿನ ಸಂಸಾರ ಎಲ್ಲ ಆದ ಮೇಲೆ, ನಲವತ್ತೈದರ ಆಸುಪಾಸಿನಲ್ಲಿ ಲೇಖನಿ ಹಿಡಿದರು. ಕಾದಂಬರಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ಅಪ್ಪನ ಹಟಕ್ಕೆ ಸಿಕ್ಕಿ ನಾದಿರಾಳಿಗೆ ತಲಾಖ್ ಆಗುತ್ತದೆ. ಗಂಡನನ್ನು ಮತ್ತೆ ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆದು ಬರಬೇಕೆಂಬ ಕಟ್ಟಳೆ ಎದುರಾಗುತ್ತದೆ. ಆಕೆ ಮಸೀದಿಯ ಕೆರೆಯ ಪಾಲಾಗುತ್ತಾಳೆ. ಕಥೆ ಇಷ್ಟೇ. ಇಲ್ಲಿ ಸಂಕೇತಗಳ ಹೆಣಿಗೆಯಿಲ್ಲ, ನವ್ಯರ ಅಂತರ್ಮುಖಿ ಸ್ವಗತಗಳೂ ಇಲ್ಲ. ವಾರವಾರ ಪತ್ರಿಕೆ ಕೊಂಡು ಓದುವ ಸಾಮಾನ್ಯ ಓದುಗನಿಗೆ, ಅದರಲ್ಲೂ ಆ ಮನೆಗಳ ಒಳಗನ್ನು ಎಂದೂ ಕಾಣದವನಿಗೆ, ಒಂದೊಂದೇ ಹೆಜ್ಜೆಯಾಗಿ ಪರಿಸ್ಥಿತಿ ತಿಳಿಯಬೇಕಿತ್ತು. ಹಾಗಾಗಿ ನೇರ ನಿರೂಪಣೆ. ಅದನ್ನು ಕಲೆಗಾರಿಕೆಯ ಕೊರತೆ ಎನ್ನುವವರು, ಅದೇ ವಸ್ತುವನ್ನು ಒಗಟಾಗಿಸಿ ಬರೆದಿದ್ದರೆ ಯಾರನ್ನು ತಟ್ಟುತ್ತಿತ್ತು ಎಂದು ಕೇಳಿಕೊಳ್ಳಬೇಕು. ಅದು ತಟ್ಟಬೇಕಾದಲ್ಲಿಗೆ ತಟ್ಟಿತ್ತು. 1985ರಲ್ಲಿ ಪುತ್ತೂರಿನ ಸಭೆಯೊಂದರಲ್ಲಿ ಆಕೆಯ ಮಾತಿಗೆ ಅಡ್ಡಿಪಡಿಸುವ ಯತ್ನ ನಡೆದದ್ದೇ ಅದಕ್ಕೆ ಪುರಾವೆ.

ತಕರಾರಿನಿಂದ ಹುಟ್ಟಿದ್ದು ಉಪದೇಶವಾಗಿಬಿಡುತ್ತದೆ ಎಂಬುದು ಹಳೆಯ ಆಕ್ಷೇಪ, ಗಟ್ಟಿಯಾದದ್ದೂ ಹೌದು. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ಇಂದಿರಾಬಾಯಿ’ಯನ್ನೇ ನೋಡಿ. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎನಿಸಿಕೊಂಡಿರುವ ಇದನ್ನು ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯ ಅಧಿಕಾರಿ. ‘ಸದ್ಧರ್ಮ ವಿಜಯ’ ಎಂಬ ಇನ್ನೊಂದು ಹೆಸರೇ ಲೇಖಕರ ಉದ್ದೇಶವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಬಾಲವಿಧವೆ ಓದಿ ಮರುಮದುವೆಯಾಗುತ್ತಾಳೆ, ಸದ್ಧರ್ಮ ಗೆಲ್ಲುತ್ತದೆ. ಆ ಗೆಲುವು ಇಂದಿನ ಓದುಗನಿಗೆ ಸಪ್ಪೆ ಎನ್ನಿಸಿದರೆ ಆಶ್ಚರ್ಯವಿಲ್ಲ. ಕಾದಂಬರಿ ಜೀವಂತವಾಗಿರುವುದು ಲಂಚಕೋರರನ್ನೂ ಭಕ್ತಿಯ ಸೋಗಿನವರನ್ನೂ ಬೆನ್ನಟ್ಟುವ ಪುಟಗಳಲ್ಲಿ. ಪೊಲೀಸ್ ಕಣ್ಣು ಎನ್ನಬಹುದೇನೋ! ಅಂದರೆ, ಸಮಾಜಕ್ಕೆ ಮದ್ದು ಬರೆದುಕೊಟ್ಟ ಕಡೆ ಲೇಖಕರು ಜಾರುತ್ತಾರೆ, ತಾವು ಕಂಡದ್ದನ್ನು ಕಂಡಂತೆ ಹಿಡಿದ ಕಡೆ ಗೆಲ್ಲುತ್ತಾರೆ. ಹೀಗಾಗಿ ದೂರಬೇಕಾದದ್ದು ತಕರಾರನ್ನಲ್ಲ, ತೀರ್ಪು ಕೊಡುವ ಆತುರವನ್ನು. ಸಾರಾ ಅವರಲ್ಲಿ ಆ ಆತುರ ಕಡಿಮೆ. ನಾದಿರಾ ಗೆಲ್ಲುವುದಿಲ್ಲ, ಭಾಷಣವನ್ನೂ ಮಾಡುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ನಾನು ಅರ್ಧ ತಲೆಬಾಗಬೇಕು. ಯು.ಆರ್. ಅನಂತಮೂರ್ತಿಯವರ ಮೊದಲ ಕಾದಂಬರಿ ‘ಸಂಸ್ಕಾರ’ಕ್ಕೆ ನಿಮಿತ್ತವಾದದ್ದು ಒಂದು ಸಿನಿಮಾ. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿ, ಗುರು ಮಾಲ್ಕಮ್ ಬ್ರ್ಯಾಡ್‌ಬರಿ ಜತೆ ಆಡಿದ ಮಾತು ಬರವಣಿಗೆಗೆ ಹಚ್ಚಿತು. ಪರದೇಶದ ಸಿನಿಮಾದಿಂದಲೂ ಕೃತಿ ಹುಟ್ಟಬಹುದಲ್ಲವೇ? ಹುಟ್ಟಬಹುದು, ಆದರೆ ಪುಟ ತುಂಬಿದ್ದು ಮಲೆನಾಡಿನ ಅಗ್ರಹಾರ. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂಬ ಜಗಳ ಸ್ವೀಡನ್ನಿನಿಂದ ಬಂದದ್ದಲ್ಲ. ತಲೆಬಾಗಬೇಕಾದದ್ದು ಬೇರೆ ಕಡೆ: ಅನಂತಮೂರ್ತಿಯವರ ಮೊದಲ ಕಥಾಸಂಕಲನ 1955ರಷ್ಟು ಹಿಂದೆಯೇ ಬಂದಿತ್ತು. ಹತ್ತು ವರ್ಷ ಕಥೆ ಬರೆದು ಪಳಗಿದ ಕೈ ಇಲ್ಲದಿದ್ದರೆ ಅಷ್ಟು ಬಿಗಿಯಾದ ಕಾದಂಬರಿ ಬರುತ್ತಿರಲಿಲ್ಲ. ದೇವನೂರ ಮಹಾದೇವ ಅವರ ಚೊಚ್ಚಲ ಸಂಕಲನ ‘ದ್ಯಾವನೂರು’ (1973) ಮಾತ್ರ ಈ ಲೆಕ್ಕಕ್ಕೂ ಸಿಗುವುದಿಲ್ಲ. ನಂಜನಗೂಡು ಸೀಮೆಯ ದಲಿತ ಬದುಕನ್ನು ಅಲ್ಲಿನ ಮಾತಿನ ಲಯ ಬಿಟ್ಟು ಹೇಳುವುದೇ ಸಾಧ್ಯವಿರಲಿಲ್ಲ, ಅಲ್ಲಿ ವಸ್ತುವೂ ರೀತಿಯೂ ಒಟ್ಟಿಗೇ ಬಂದವು.

ಹೆಸರಿನ ಆಸೆಗೆ ಬರೆಯುವವರೂ ಇದ್ದಾರಲ್ಲ ಎಂದರೆ, ಇದ್ದಾರೆ, ಅದು ಅಪರಾಧವೂ ಅಲ್ಲ. ಆದರೆ ಹೆಸರಿನ ಆಸೆ ಮುಂದಿನ ಸಾಲು ಯಾವುದೆಂದು ಹೇಳಿಕೊಡುವುದಿಲ್ಲ. ಈಗ ಕೈಯಿಂದ ಹಣ ಹಾಕಿ ಕೆಲವೇ ಪ್ರತಿ ಅಚ್ಚು ಹಾಕಿಸುವುದು ಸಲೀಸು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಕಥೆಗಾರ ವಸುಧೇಂದ್ರರ ‘ಛಂದ ಪುಸ್ತಕ’ ಹೊಸಬರ ಹಸ್ತಪ್ರತಿಗಳಿಗೆ ಸ್ಪರ್ಧೆ ನಡೆಸುತ್ತಾ ಬಂದಿದೆ. ಬಾಗಿಲು ತೆರೆದಿದೆ ಎಂದ ಮೇಲೆ ಒಳಬರುವವರನ್ನು ಕೇಳುವ ಪ್ರಶ್ನೆಯೂ ಬದಲಾಗಲಿ. ಹಸ್ತಪ್ರತಿ ಓದುವ ತೀರ್ಪುಗಾರರು ಭಾಷೆಯ ನಯಕ್ಕೆ ಅಂಕ ಕೊಡುವ ಮೊದಲು, ಇವರು ಬರೆಯದಿದ್ದರೆ ಯಾವ ಸಂಗತಿ ನಮಗೆ ಗೊತ್ತೇ ಆಗುತ್ತಿರಲಿಲ್ಲ ಎಂದು ನೋಡಲಿ. ನಯಗಾರಿಕೆಯನ್ನು ಸಂಪಾದಕರೂ ಕಲಿಸಬಲ್ಲರು.