ವಿಹಾರನೌಕೆಯ ಮೇಲಟ್ಟದಲ್ಲಿ ಒಂದು ಕುರ್ಚಿ

ಬಸ್ಸು ನಿಲ್ದಾಣದೊಳಕ್ಕೆ ತಿರುಗುವ ಮೊದಲೇ ಅದರ ಪಕ್ಕದಲ್ಲಿ ಓಡುತ್ತ, ಕಿಟಕಿಯ ಮೂಲಕ ಟವಲನ್ನೋ ಕರವಸ್ತ್ರವನ್ನೋ ಒಳಗೆಸೆದು ಸೀಟು ಹಿಡಿಯುವ ವಿದ್ಯೆ ನಮ್ಮ ನಾಡಿನಲ್ಲಿ ಯಾರಿಗೂ ಹೊಸದಲ್ಲ. ಕುಳಿತುಕೊಳ್ಳುವ ಹಕ್ಕು ಟವಲಿಗೆ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಇದೇ ವಿದ್ಯೆಯನ್ನು, ಇದೇ ಟವಲಿನ ಸಹಾಯದಿಂದಲೇ, ಸಾವಿರಾರು ಡಾಲರು ತೆತ್ತು ಕೆರಿಬಿಯನ್ ಸಮುದ್ರದಲ್ಲಿ ವಿಹಾರಕ್ಕೆ ಹೊರಟ ಪಾಶ್ಚಾತ್ಯ ಪ್ರವಾಸಿಗಳೂ ಬಲ್ಲರೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಮುಂಜಾನೆಯೇ ಎದ್ದು ಹಡಗಿನ ಮೇಲಟ್ಟಕ್ಕೆ ಹೋಗಿ, ಈಜುಕೊಳದ ಬದಿಯ ಆರಾಮಕುರ್ಚಿಯ ಮೇಲೆ ಟವಲು ಹಾಸಿ, ಒಂದು ಪುಸ್ತಕವನ್ನು ಸಾಕ್ಷಿಗಿಟ್ಟು, ಮತ್ತೆ ನಿದ್ದೆಗೆ ಮರಳುವವರು ಅಲ್ಲಿ ಹೇರಳವಾಗಿದ್ದಾರೆ.

ಇಂದಿನ ವಿಹಾರನೌಕೆ ಒಂದು ತೇಲುವ ಪಟ್ಟಣ. ಅದರಲ್ಲಿ ಮಕ್ಕಳೂ ಇರುತ್ತಾರೆ, ಮಕ್ಕಳ ಕೇಕೆಯೂ ಇರುತ್ತದೆ. ಈ ಗದ್ದಲದಿಂದ ದೂರವಿರಬಯಸುವವರಿಗಾಗಿ ಹಡಗಿನ ಕಂಪೆನಿಗಳು ಮೇಲಟ್ಟದ ಒಂದು ಭಾಗವನ್ನು ಬೇರ್ಪಡಿಸಿ ‘ವಯಸ್ಕರಿಗೆ ಮಾತ್ರ’ ಎಂದು ಫಲಕ ಹಾಕಿವೆ. ಪ್ರಿನ್ಸೆಸ್ ಕಂಪೆನಿಯು 2006ರಲ್ಲಿ ‘ಕ್ರೌನ್ ಪ್ರಿನ್ಸೆಸ್’ ಎಂಬ ನೌಕೆಯಲ್ಲಿ ‘ಸ್ಯಾಂಕ್ಚುಯರಿ’ ಎಂಬ ಹೆಸರಿನ ಇಂಥ ಅಂಗಳವೊಂದನ್ನು ತೆರೆದು, ಅರ್ಧ ದಿನಕ್ಕಿಷ್ಟು, ಇಡೀ ದಿನಕ್ಕಿಷ್ಟು ಎಂದು ಶುಲ್ಕವನ್ನು ಗೊತ್ತುಮಾಡಿತು. ಕಾರ್ನಿವಲ್ ಕಂಪೆನಿಯ ‘ಸೆರೆನಿಟಿ’ಗೆ ಶುಲ್ಕವಿಲ್ಲ, ಆದರೆ 21 ವರ್ಷ ತುಂಬಿರಬೇಕು. ರಾಯಲ್ ಕೆರಿಬಿಯನ್ ಕಂಪೆನಿಯ ‘ಸೋಲೇರಿಯಮ್’ಗೆ 16 ವರ್ಷ ಸಾಕು. ನಾರ್ವೀಜಿಯನ್ ಕಂಪೆನಿಯ ‘ವೈಬ್ ಬೀಚ್ ಕ್ಲಬ್’ 18 ದಾಟಿದವರಿಗೆ. ಅಲ್ಲಿಗೆ ಬಹುಮಟ್ಟಿಗೆ ಇಡೀ ಯಾನಕ್ಕೆ ಅನ್ವಯಿಸುವ ಪಾಸುಗಳನ್ನು ಮಾರುತ್ತಾರೆ, ಅವುಗಳ ಸಂಖ್ಯೆಯೂ ಸೀಮಿತ. ಈ ಪತ್ರಿಕೆಯನ್ನು ಓದುವ ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಇವುಗಳಲ್ಲಿ ಬಹುತೇಕ ಎಲ್ಲದರ ಬಾಗಿಲಲ್ಲಿಯೂ ತಡೆದು ನಿಲ್ಲಿಸಿಯಾರು. ಆದರೆ ಅಲ್ಲಿ ಯಾರಿಗೆ ಕುರ್ಚಿ ಸಿಕ್ಕೀತು, ಯಾರಿಗೆ ಸಿಗಲಾರದು ಎಂಬ ಲೆಕ್ಕವನ್ನು ಮಾಡಲು ವಯಸ್ಸಿನ ಅಡ್ಡಿಯಿಲ್ಲ.

ಮೊದಲು ಏಳುವ ಪ್ರಶ್ನೆ ಇದು: ಇಷ್ಟು ದೊಡ್ಡ ಹಡಗಿನಲ್ಲಿ ಕುರ್ಚಿಗೆ ಬರವೇಕೆ? ಹಡಗು ದೊಡ್ಡದಾದಷ್ಟೂ ಬರ ಹೆಚ್ಚುತ್ತದೆ ಎಂಬುದೇ ಇದರ ಉತ್ತರ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಮೂಲತತ್ತ್ವವನ್ನು ಕಾಣಬಹುದು. ಯಾವುದೇ ವಸ್ತುವಿನ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಗೊಳಿಸಿದರೆ ಅದರ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಘನಫಲವು ಎಂಟು ಪಟ್ಟಾಗುತ್ತದೆ. ಪ್ರಯಾಣಿಕರು ಮಲಗುವುದು ಘನಫಲದೊಳಗೆ. ಬಿಸಿಲು ಕಾಯಿಸಿಕೊಳ್ಳುವುದು ಮೇಲ್ಮೈಯ ಮೇಲೆ. ಒಳಗೆ ಕೋಣೆಗಳು ಎಂಟು ಪಟ್ಟು ಹೆಚ್ಚುವಾಗ ಮೇಲೆ ಬಯಲು ನಾಲ್ಕು ಪಟ್ಟು ಮಾತ್ರ ಹೆಚ್ಚಿದರೆ ತಲೆಗೆ ಬರುವ ಪಾಲು ಅರ್ಧಕ್ಕಿಳಿಯಿತಷ್ಟೆ.

ನಿಜವಾದ ಹಡಗುಗಳಲ್ಲಿ ಇದು ಹೇಗಿದೆಯೆಂದು ನೋಡೋಣ. 1988ರಲ್ಲಿ ಯಾನವನ್ನಾರಂಭಿಸಿದ ‘ಸಾವರಿನ್ ಆಫ್ ದಿ ಸೀಸ್’ ಆ ಕಾಲಕ್ಕೆ ಅತಿ ದೊಡ್ಡ ವಿಹಾರನೌಕೆಗಳಲ್ಲೊಂದು: ಉದ್ದ 268 ಮೀಟರು, ಅಗಲ ಸುಮಾರು 32 ಮೀಟರು, ಒಟ್ಟು ಟನ್ನೇಜು ಸುಮಾರು 73,000. ಅದೇ ಕಂಪೆನಿಯ ‘ಐಕಾನ್ ಆಫ್ ದಿ ಸೀಸ್’ 2024ರ ಜನವರಿಯಲ್ಲಿ ತನ್ನ ಮೊದಲ ಯಾನವನ್ನು ಕೈಗೊಂಡಿತು: ಉದ್ದ 365 ಮೀಟರು, ನೀರಿನ ಮಟ್ಟದಲ್ಲಿ ಅಗಲ ಸುಮಾರು 48 ಮೀಟರು, ಟನ್ನೇಜು 2,48,663. ಇಲ್ಲಿ ಟನ್ನೇಜೆಂದರೆ ತೂಕವಲ್ಲ. ಪತ್ರಿಕೆಗಳಲ್ಲಿ ‘ಇಷ್ಟು ಟನ್ನು ತೂಗುವ ಹಡಗು’ ಎಂದು ಬರೆಯುವುದು ಸರಿಯಲ್ಲ. ಹಡಗಿನ ಆವೃತ ಭಾಗದ ಘನಫಲವನ್ನು 1969ರ ಅಂತರರಾಷ್ಟ್ರೀಯ ಒಪ್ಪಂದದ ಸೂತ್ರವೊಂದಕ್ಕೆ ಅಳವಡಿಸಿ ಪಡೆದ ಅಂಕಿ ಅದು. ಸೂತ್ರವನ್ನು ತಿರುಗುಮುರುಗಾಗಿ ಬಳಸಿದರೆ ಹಳೆಯ ಹಡಗಿನ ಘನಫಲ ಸುಮಾರು 2,40,000 ಘನಮೀಟರು, ಹೊಸತರದು ಸುಮಾರು 7,80,000 ಘನಮೀಟರು ಎಂದು ಬರುತ್ತದೆ. ಎಂದರೆ ಘನಫಲ ಮೂರು ಪಟ್ಟಿಗೂ ಹೆಚ್ಚಾಯಿತು. ಉದ್ದ-ಅಗಲಗಳ ಗುಣಲಬ್ಧವಾದರೋ ಸುಮಾರು 8,600 ಚದರ ಮೀಟರಿನಿಂದ 17,500ಕ್ಕೆ, ಹೆಚ್ಚುಕಡಮೆ ಎರಡು ಪಟ್ಟಿಗೆ, ಏರಿತು. ಹೊಸ ಹಡಗಿನಲ್ಲಿ ಗರಿಷ್ಠ 7,600 ಪ್ರಯಾಣಿಕರು ಹಿಡಿಸುತ್ತಾರೆ. ಈ ಇಡೀ ಆಯತವನ್ನು ಅವರಿಗೆ ಹಂಚಿದರೂ ತಲಾ 2.3 ಚದರ ಮೀಟರು. ಒಂದು ಆರಾಮಕುರ್ಚಿಯೂ ಅದರ ಪಕ್ಕದಲ್ಲಿ ನಡೆಯಲು ದಾರಿಯೂ ಆದರೆ ಅದು ಮುಗಿಯಿತು. ಹೊಗೆಗೊಳವೆ, ಈಜುಕೊಳ, ಜಾರುಬಂಡೆಗಳಿಗೆ ಬೇಕಾದ ಜಾಗವನ್ನು ಇದರಲ್ಲಿಯೇ ಕಳೆಯಬೇಕು. ನೌಕಾಶಿಲ್ಪಿಗಳು ಇದನ್ನು ಅರಿಯದವರಲ್ಲ. 2009ರ ‘ಓಯಸಿಸ್ ಆಫ್ ದಿ ಸೀಸ್’ ಹಡಗಿನ ಮೇಲ್ಭಾಗವನ್ನು ಅವರು ನಡುವೆ ಸೀಳಿ, ಅಲ್ಲಿ ಆಕಾಶಕ್ಕೆ ತೆರೆದ ತೋಟವನ್ನಿಟ್ಟದ್ದು ಮೇಲ್ಮೈಯನ್ನು ಹೆಚ್ಚಿಸುವ ಒಂದು ಉಪಾಯವೇ.

ಮೇಲೆ ಇನ್ನೊಂದು ಅಟ್ಟವನ್ನು ಕಟ್ಟಬಾರದೆ ಎಂದು ಕೇಳಬಹುದು. ಕಟ್ಟಿದರೆ ಅದು ಕೆಳಗಿನ ಅಟ್ಟದ ಬಿಸಿಲನ್ನು ಕಸಿಯುತ್ತದೆಯೇ ಹೊರತು ಬಿಸಿಲನ್ನು ಹೆಚ್ಚಿಸುವುದಿಲ್ಲ. ಜೊತೆಗೆ ಹಡಗಿನ ಗುರುತ್ವಕೇಂದ್ರವೂ ಮೇಲೇರುತ್ತದೆ. ತೂಕ ಮೇಲುಗಡೆ ಹೆಚ್ಚಿದರೆ ಏನಾಗುವುದೆಂಬುದನ್ನು ಷಿಕಾಗೊ ನಗರದ ನದಿಯಲ್ಲಿ 1915ರ ಜುಲೈ 24ರಂದು ಜಗತ್ತು ಕಂಡಿತು. ‘ಈಸ್ಟ್‌ಲ್ಯಾಂಡ್’ ಎಂಬ ಹಡಗು ದಕ್ಕೆಗೆ ಕಟ್ಟಿದ್ದಂತೆಯೇ ಪಕ್ಕಕ್ಕೆ ಮಗುಚಿಕೊಂಡು 844 ಮಂದಿ ಮಡಿದರು. ‘ಟೈಟಾನಿಕ್’ ದುರಂತದ ತರುವಾಯ ರಕ್ಷಣೆಗೆಂದು ಮೇಲಟ್ಟಕ್ಕೆ ಸೇರಿಸಿದ್ದ ದೋಣಿಗಳ ಭಾರವೂ ಅದಕ್ಕೆ ಒಂದು ಕಾರಣವಾಗಿತ್ತೆಂಬುದು ವಿಧಿಯ ವ್ಯಂಗ್ಯ. ಇಂದಿನ ಅಂತರರಾಷ್ಟ್ರೀಯ ನಿಯಮದ ಪ್ರಕಾರ, ಪ್ರಯಾಣಿಕನೊಬ್ಬನಿಗೆ 75 ಕಿಲೋಗ್ರಾಮಿನಂತೆ, ಚದರ ಮೀಟರಿಗೆ ನಾಲ್ವರವರೆಗೆ, ಜನರೆಲ್ಲ ಒಂದೇ ಪಾರ್ಶ್ವಕ್ಕೆ ನುಗ್ಗಿದರೂ ಹಡಗು 10 ಡಿಗ್ರಿಗಿಂತ ಹೆಚ್ಚು ವಾಲಕೂಡದು. ಆದುದರಿಂದ ಮೇಲೆ ನೂರು ಮಂದಿ ಹೆಚ್ಚಿಗೆ ಕುಳಿತರೆ ಹಡಗು ಮಗುಚುವುದೆಂಬ ಭಯ ಬೇಡ; ಭಾರವಾಗುವುದು ಅವರನ್ನು ಹೊರುವ ಉಕ್ಕು, ಮತ್ತು ಅವರು ಬೇಡುವ ನೀರು. ಹತ್ತು ಮೀಟರು ಉದ್ದ, ಐದು ಮೀಟರು ಅಗಲ, ಒಂದೂವರೆ ಮೀಟರು ಆಳದ ಪುಟ್ಟ ಕೊಳದ ನೀರೇ 75 ಟನ್ನು, ಎಂದರೆ ಸಾವಿರ ಜನರ ತೂಕ.

ಜಾಗವನ್ನು ಹೆಚ್ಚಿಸುವಂತಿಲ್ಲ ಎಂದಾಯಿತು. ಇನ್ನುಳಿದಿರುವುದು ಹಂಚಿಕೆ. ಇಲ್ಲಿ ನಮ್ಮ ನೆರವಿಗೆ ಬರುವುದು 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸನು ಸಾಧಿಸಿ ತೋರಿಸಿದ ಒಂದು ಸರಳ ಸೂತ್ರ. ಒಂದು ಸ್ಥಳದೊಳಗೆ ಸರಾಸರಿ ಎಷ್ಟು ಮಂದಿ ಇರುತ್ತಾರೆಂಬುದು, ಗಂಟೆಗೆ ಎಷ್ಟು ಮಂದಿ ಒಳಬರುತ್ತಾರೆ ಮತ್ತು ಒಬ್ಬೊಬ್ಬರು ಸರಾಸರಿ ಎಷ್ಟು ಹೊತ್ತು ತಂಗುತ್ತಾರೆ ಎಂಬೆರಡರ ಗುಣಲಬ್ಧ. ಆಸ್ಪತ್ರೆಗೂ ಅಂಚೆಕಚೇರಿಗೂ ಹೋಟೆಲಿಗೂ ಇದು ಸಮನಾಗಿ ಅನ್ವಯಿಸುತ್ತದೆ. ಬರುವವರು ಒಬ್ಬೊಬ್ಬರಾಗಿ ಬಂದರೇನು, ಹಿಂಡಾಗಿ ಬಂದರೇನು, ದೀರ್ಘಕಾಲದ ಸರಾಸರಿಯಲ್ಲಿ ಅದು ಬದಲಾಗುವುದಿಲ್ಲವೆಂಬುದೇ ಇದರ ಸೊಗಸು.

ಊಹೆಗಾಗಿ, ವಯಸ್ಕರ ಅಂಗಳದಲ್ಲಿ 60 ಕುರ್ಚಿಗಳಿವೆಯೆಂದೂ ಅದು ದಿನಕ್ಕೆ 9 ಗಂಟೆ ತೆರೆದಿರುತ್ತದೆಯೆಂದೂ ಇಟ್ಟುಕೊಳ್ಳೋಣ. ಒಬ್ಬೊಬ್ಬರು 3 ಗಂಟೆ ಕುಳಿತರೆ ಗಂಟೆಗೆ 20 ಮಂದಿಯಂತೆ ದಿನಕ್ಕೆ 180 ಮಂದಿಗೆ ಅವಕಾಶವುಂಟು. ಇಡೀ ದಿನಕ್ಕೆ ಪಾಸು ಕೊಟ್ಟರೆ 60 ಮಂದಿಗೆ ಮಾತ್ರ. ಏಳು ದಿನಗಳ ಯಾನಕ್ಕೆ ಒಂದೇ ಪಾಸೆಂದರೆ, 1,260 ಸರದಿಗಳಿಗೆ ಸಾಲುವ ಸ್ಥಳವನ್ನು ಆ 60 ಮಂದಿಯೇ ಅನುಭವಿಸುತ್ತಾರೆ. ಕುರ್ಚಿಗಳ ಸಂಖ್ಯೆ ಒಂದು ಕೂಡ ಬದಲಾಗಲಿಲ್ಲ. ಬದಲಾದದ್ದು ತಂಗುವ ಅವಧಿ. ಈಗ ಟವಲಿನ ಮಹಿಮೆಯನ್ನು ನೋಡಿರಿ. ಪ್ರತಿಯೊಬ್ಬನೂ ನಿಜವಾಗಿ ಕೂರುವುದು 2 ಗಂಟೆ, ಆದರೆ ಟವಲಿನ ಮೂಲಕ ಕುರ್ಚಿಯನ್ನು ಹಿಡಿದಿಡುವುದು 6 ಗಂಟೆ ಎಂದಾದರೆ, ದಿನಕ್ಕೆ 270 ಮಂದಿಗೆ ಒದಗಬೇಕಾದ ಸ್ಥಳ 90 ಮಂದಿಗೆ ಮಾತ್ರ ಒದಗುತ್ತದೆ. ಅರುವತ್ತು ಕುರ್ಚಿಗಳು ಇಪ್ಪತ್ತರಂತೆ ಕೆಲಸ ಮಾಡುತ್ತವೆ. ಉಳಿದ ನಲವತ್ತನ್ನು ಟವಲುಗಳು ನುಂಗಿರುತ್ತವೆ! ಕಾರ್ನಿವಲ್ ಕಂಪೆನಿಯ ಹಡಗುಗಳಲ್ಲಿ, ಯಾರೂ ಇಲ್ಲದ ಕುರ್ಚಿಗೆ ಸಿಬ್ಬಂದಿಯವರು ಹೊತ್ತನ್ನು ಗುರುತುಮಾಡಿದ ಚೀಟಿಯಂಟಿಸಿ, 40 ನಿಮಿಷ ಕಳೆದರೂ ಒಡೆಯನು ಬಾರದಿದ್ದರೆ ಸಾಮಾನನ್ನು ತೆಗೆದಿಡುವ ನಿಯಮ ಬಂದದ್ದು ಈ ಕಾರಣದಿಂದಲೇ. ಹೊಸ ಅಟ್ಟವನ್ನು ಕಟ್ಟುವುದಕ್ಕಿಂತ ಇದು ಅಗ್ಗವೆಂಬುದನ್ನು ಹೇಳಬೇಕಾಗಿಲ್ಲ.

ವಯೋಮಿತಿ ಮತ್ತು ಶುಲ್ಕಗಳು ತಂಗುವ ಅವಧಿಯನ್ನು ಮುಟ್ಟುವುದಿಲ್ಲ. ಅವು ಬರುವವರ ಸಂಖ್ಯೆಯನ್ನು ಕಡಮೆಮಾಡುತ್ತವೆ. ‘ಸ್ಕಾರ್ಲೆಟ್ ಲೇಡಿ’ ಎಂಬ ಹಡಗಿನಲ್ಲಿ 2021ರಲ್ಲಿ ಯಾನ ಆರಂಭಿಸಿದ ವರ್ಜಿನ್ ಕಂಪೆನಿಯು 18 ತುಂಬದವರನ್ನು ಹಡಗಿಗೇ ಹತ್ತಿಸಿಕೊಳ್ಳುವುದಿಲ್ಲವಾದ್ದರಿಂದ, ಅಲ್ಲಿ ವಯಸ್ಸಿನ ಬೇಲಿ ಹಾಕಿ ಜನರನ್ನು ಸೋಸುವಂತಿಲ್ಲ. ಶುಲ್ಕದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಇಡೀ ಯಾನಕ್ಕೆ ಹಣ ತೆತ್ತವನು ಯಾವ ಗಳಿಗೆಯಲ್ಲಿ ಬಂದರೂ ಕುರ್ಚಿ ಸಿಗಬೇಕೆಂದು ಬಯಸುತ್ತಾನೆ. ಅದಕ್ಕಾಗಿ ಸದಾ ಕೆಲವು ಕುರ್ಚಿಗಳು ಬರಿದಾಗಿರಬೇಕು. ಹಾಗಾಗಿ ಅಲ್ಲಿ ಮಾರಾಟವಾಗುವ ಸರಕು ಕುರ್ಚಿಯಲ್ಲ, ಖಾಲಿ ಕುರ್ಚಿ.

ಸರಾಸರಿ ಸರಿಹೋದ ಮಾತ್ರಕ್ಕೆ ಎಲ್ಲರಿಗೂ ಸ್ಥಳ ಸಿಗುವುದಿಲ್ಲವೆಂಬುದನ್ನು ತೋರಿಸಿದವನು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನು ಕಂಪೆನಿಯಲ್ಲಿದ್ದ ಈ ಗಣಿತಜ್ಞನು, ತಂತಿಗಳೆಲ್ಲ ತುಂಬಿರುವಾಗ ಎಷ್ಟು ಕರೆಗಳು ವಿಫಲವಾಗುವುವೆಂಬ ಸೂತ್ರವನ್ನು 1917ರಲ್ಲಿ ಪ್ರಕಟಿಸಿದನು. ತಂತಿಯ ಬದಲು ಕುರ್ಚಿ, ಕರೆಯ ಬದಲು ಪ್ರಯಾಣಿಕ ಎಂದು ಓದಿಕೊಂಡರಾಯಿತು. ಮೇಲಿನ 60 ಕುರ್ಚಿಗಳಿಗೆ ಸರಾಸರಿ ಸರಿಯಾಗಿ 60 ಕುರ್ಚಿಗಳಷ್ಟೇ ಬೇಡಿಕೆಯಿದ್ದು, ಜನರು ತಮಗೆ ತೋಚಿದ ಹೊತ್ತಿಗೆ ಬಂದು, ಸ್ಥಳವಿಲ್ಲದಿದ್ದರೆ ಹಿಂದಿರುಗುವರೆಂದು ಭಾವಿಸಿದರೆ, ನೂರಕ್ಕೆ ಸುಮಾರು ಹತ್ತು ಮಂದಿ ನಿರಾಶರಾಗುತ್ತಾರೆ. ಅದೇ ಅಂಗಳವನ್ನು ತಲಾ 30 ಕುರ್ಚಿಗಳ ಎರಡು ಭಾಗ ಮಾಡಿ, ಬೇಡಿಕೆಯನ್ನೂ ಎರಡಾಗಿ ಹಂಚಿ, ಒಂದರ ಜನ ಇನ್ನೊಂದಕ್ಕೆ ಹೋಗಬಾರದೆಂದು ಬೇಲಿ ಹಾಕಿದರೆ, ಹಿಂದಿರುಗುವವರು ನೂರಕ್ಕೆ 13 ಆಗುತ್ತಾರೆ. ಒಂದೆಡೆ ಖಾಲಿ ಕುರ್ಚಿ, ಇನ್ನೊಂದೆಡೆ ನಿಂತ ಮನುಷ್ಯ. ನಡುವೆ ಒಂದು ಹಗ್ಗ. ಬೇಲಿಗೆ ಬೆಲೆಯುಂಟು. ಆ ಬೆಲೆಯನ್ನು ತೆರುವವರು ಪಾಸು ಕೊಂಡವರಲ್ಲ, ಬೇಲಿಯ ಹೊರಗಿನ ಸಾಮಾನ್ಯ ಕುರ್ಚಿಗಳಿಗಾಗಿ ಹುಡುಕುವ ಉಳಿದ ಸಾವಿರಾರು ಮಂದಿ. ಈಚೆಗೆ ಬೇಲಿಯು ಇನ್ನಷ್ಟು ಗಟ್ಟಿಯಾಗುತ್ತಿದೆ: 2024ರ ‘ಸನ್ ಪ್ರಿನ್ಸೆಸ್’ ಹಡಗಿನ ‘ಸ್ಯಾಂಕ್ಚುಯರಿ ಕ್ಲಬ್’ ಎಂಬ ಅಂಗಳದ ಪ್ರವೇಶವನ್ನು ಕೆಲವು ದುಬಾರಿ ಕೋಣೆಗಳ ಬಾಡಿಗೆಯೊಂದಿಗೇ ಸೇರಿಸಿದ್ದಾರೆ. ದಿನದ ಶುಲ್ಕವಿದ್ದಲ್ಲಿ, ಒಂದು ಮಧ್ಯಾಹ್ನಕ್ಕಾದರೂ ಸಾಧಾರಣ ಕೋಣೆಯವನು ಹಣ ಹೊಂದಿಸಿ ಒಳಹೋಗಬಲ್ಲನು. ಪ್ರವೇಶವು ಕೋಣೆಗೆ ಅಂಟಿಕೊಂಡ ಮೇಲೆ ಆ ಅವಕಾಶವೂ ಇಲ್ಲ. ಅರ್ಧ ದಿನದ ಪಾಸೇ ಇವುಗಳಲ್ಲೆಲ್ಲ ನ್ಯಾಯವಾದದ್ದೆಂದು ಈ ಲೇಖಕನ ಅಭಿಪ್ರಾಯ. ಶುಲ್ಕವು ಅಲ್ಪವಾಗಿದ್ದು ಸರದಿಯ ಅವಧಿ ಕಿರಿದಾಗಿದ್ದರೆ ಮತ್ತೂ ಮೇಲು.

ಇಂಥ ಅಂಗಳವನ್ನು ಹೊಗಬಯಸುವವನು ಏನು ಮಾಡಬೇಕು? ಯಾನದುದ್ದಕ್ಕೂ ಅನ್ವಯಿಸುವ ಪಾಸು ಬೇಕಾದರೆ, ಹಡಗು ಹತ್ತಿದ ದಿನವೇ, ಊಟಕ್ಕೂ ಮೊದಲು, ಸರದಿಯಲ್ಲಿ ನಿಲ್ಲಬೇಕು. ಮೊದಲೇ ಕಾದಿರಿಸಲು ಬಿಡುವ ಕಂಪೆನಿಯಾದರೆ ಮನೆಯಿಂದಲೇ ಕಾದಿರಿಸಬೇಕು. ದಿನದ ಪಾಸು ಸಾಕೆನ್ನುವವನು ದಿನವನ್ನು ಆರಿಸುವುದರಲ್ಲಿ ಜಾಣತನ ತೋರಬೇಕು. ಹಡಗು ನಡುಗಡಲಿನಲ್ಲಿರುವ ದಿನ ಜನರಿಗೆ ಹೋಗಲು ಬೇರೆ ಸ್ಥಳವಿಲ್ಲ. ಎಲ್ಲರೂ ಉಪಾಹಾರ ಮುಗಿಸಿ ಒಂದೇ ಹೊತ್ತಿಗೆ ಮೇಲಕ್ಕೆ ಬರುತ್ತಾರೆ. ಹಾಗೆ ಒಮ್ಮೆಗೇ ನುಗ್ಗುವ ಗುಂಪಿನ ಮುಂದೆ ಎರ್ಲಾಂಗನ ಲೆಕ್ಕ ತೋರಿಸುವುದಕ್ಕಿಂತ ಹೆಚ್ಚು ಮಂದಿ ನಿರಾಶರಾಗುತ್ತಾರೆ. ಬಂದರಿನಲ್ಲಿ ತಂಗಿದ ದಿನವಾದರೋ ಬರುವವರ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ನಮ್ಮ ನವಮಂಗಳೂರು ಬಂದರಿಗೂ ಚಳಿಗಾಲದ ತಿಂಗಳುಗಳಲ್ಲಿ ವಿದೇಶಗಳ ವಿಹಾರನೌಕೆಗಳು ಬರುವುದುಂಟು. ಬೆಳಗ್ಗೆ ಪಣಂಬೂರಿನಲ್ಲಿ ಇಳಿದ ಪ್ರವಾಸಿಗಳು ಬಸ್ಸುಗಳನ್ನೇರಿ ಕದ್ರಿಯ ದೇವಾಲಯವನ್ನೋ ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೋ ನೋಡಲು ಹೊರಡುತ್ತಾರೆ. ಅವರು ಬಸದಿಯ ಕಂಬಗಳನ್ನು ಎಣಿಸುತ್ತಿರುವ ಆ ಹೊತ್ತಿನಲ್ಲಿ, ಹಡಗಿನಲ್ಲಿಯೇ ಉಳಿದ ಕೆಲವರಿಗೆ ಮೇಲಟ್ಟದಲ್ಲಿ ಬೇಕೆಂದ ಕುರ್ಚಿ ಸಿಗುತ್ತದೆ, ಟವಲನ್ನು ಮೈ ಒರೆಸಿಕೊಳ್ಳುವುದಕ್ಕಷ್ಟೇ ಒಯ್ದರೆ ಸಾಕು.